ರಸ್ತೆಗೆ ‘ನಿಧಾನ’ ಬರೆಯುವವರು

ಹಲಸೂರಿನ ಕಡೆಯಿಂದ ಬೆಳಗಿನ ಮೊದಲ ಬಸ್ಸುಗಳು ಬರತೊಡಗಿವೆ. ಹಳೇ ಮದ್ರಾಸ್ ರಸ್ತೆಯ ನಡುವೆ ಜಟ್ಟೆಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಅಕ್ಷರದ ಆಕಾರಕ್ಕೆ ಕತ್ತರಿಸಿದ ತಗಡನ್ನು ಡಾಂಬರಿನ ಮೇಲೆ ಒತ್ತಿ ಹಿಡಿದು, ಅದರ ಸಂದಿಗೆ ಬಿಳಿ ಬಣ್ಣ ಬಳಿಯುತ್ತಿದ್ದಾರೆ. ‘ನಿ’ ಮುಗಿದಿದೆ, ‘ಧಾ’ ಅರ್ಧವಾಗಿದೆ. ಅವರ ಹಿಂದೆ, ಬರುವ ವಾಹನಗಳಿಗೆ ಎದುರಾಗಿ, ಗಂಡ ಹುಸೇನಪ್ಪ ಕೆಂಪು ಬಾವುಟ ಹಿಡಿದು ನಿಂತಿದ್ದಾರೆ. ಕಾರೊಂದು ಬಾವುಟ ಕಂಡೂ ಕಾಣದಂತೆ ಸುಂಯ್ ಎಂದು ಪಕ್ಕದಲ್ಲೇ ಹಾದುಹೋಗುತ್ತದೆ. ಜಟ್ಟೆಮ್ಮನವರ ಸೆರಗು ಹಾರುತ್ತದೆ, ಕೈ ನಿಲ್ಲುವುದಿಲ್ಲ.

“ಹೆದರಿಕಿ ಇಲ್ಲಂತಲ್ರಿ. ಹೆದರಿ ಹೆದರಿ ಸಾಕಾಗ್ಯಾದ,” ಎನ್ನುತ್ತಾರೆ.

ವೇಗಮಿತಿ ಎಂದರೆ ನಮಗೆ ನೆನಪಾಗುವುದು ಕ್ಯಾಮೆರಾ, ದಂಡದ ಮೆಸೇಜು, ಪೊಲೀಸರ ಜೊತೆ ವಾದ. ಆ ಮಿತಿಯನ್ನು ರಸ್ತೆಯ ಮೇಲೆ ಕೂತು ಬರೆಯುವವರೂ ಇದ್ದಾರೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಇಂದಿರಾನಗರದಿಂದ ಟಿನ್ ಫ್ಯಾಕ್ಟರಿಯವರೆಗೆ ನಾವು ಟೈರಿನಡಿ ಹಾಕಿಕೊಂಡು ಹೋಗುವ ಎಷ್ಟೋ ‘40’ಗಳು, ಹಂಪ್‌ಗಳ ಮೇಲಿನ ಪಟ್ಟೆಗಳು ಈ ದಂಪತಿಯ ಕೈಕೆಲಸ. ಯಾದಗಿರಿ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬಂದು, ಬಣ್ಣದ ಕೆಲಸಕ್ಕೆ ಸಿಕ್ಕಿಕೊಂಡವರು. ಮಹದೇವಪುರದಲ್ಲಿ ಬಾಡಿಗೆಯ ಒಂದು ಕೋಣೆ. ಮಳೆ ಜೋರಾದರೆ ಪಾತ್ರೆಗಳೆಲ್ಲ ಮಂಚದ ಮೇಲೆ.

ಜಟ್ಟೆಮ್ಮನವರಿಗೆ ಓದು ಬರುವುದಿಲ್ಲ. “ತಗಡು ಹ್ಯಾಂಗದ, ಹಾಂಗ ಬಡೀತೀನ್ರಿ,” ಎನ್ನುತ್ತಾರೆ. ಕಳೆದ ವರ್ಷ ಅದೇ ಎಡವಟ್ಟಾಯಿತು. ‘ಧಾ’ ತಗಡಿನ ಕೆಳಗಿನ ಸಣ್ಣ ಸೀಳಿನಲ್ಲಿ ಹಳೇ ಬಣ್ಣ ಒಣಗಿ ಮುಚ್ಚಿಕೊಂಡಿತ್ತು. ರಸ್ತೆಯ ಮೇಲೆ ಮೂಡಿದ್ದು ‘ನಿದಾನ’. ಮಹಾಪ್ರಾಣ ಮಾಯ!

ಯಾರೋ ಫೋಟೊ ತೆಗೆದರು. ವಾಟ್ಸ್ಆ್ಯಪ್ ತುಂಬ ಕನ್ನಡದ ಕೊಲೆ ಎಂಬ ಗುಲ್ಲು. ತಮಾಷೆಯೆಂದರೆ, ಆ ತಪ್ಪು ನೋಡಲೆಂದು ಜನ ಅಲ್ಲಿ ಗಾಡಿ ನಿಧಾನ ಮಾಡುತ್ತಿದ್ದರು. “ಮಂದಿ ನಾವು ಬರದದ್ದು ಓದಿದ್ದು ಅವತ್ತs ನೋಡ್ರಿ,” ಎಂದು ಹುಸೇನಪ್ಪ ನಗುತ್ತಾರೆ.

ನಗು ಅಲ್ಲಿಗೆ ಮುಗಿಯಿತು. ಬಯ್ಗುಳ ಗುತ್ತಿಗೆದಾರರಿಗೆ ಮುಟ್ಟಿತು, ಅವರು ಮೇಸ್ತ್ರಿ ಕೆಂಪರಾಜ್ ಮೇಲೆ ಹರಿಹಾಯ್ದರು. ಕೆಂಪರಾಜ್ ಹೇಳುತ್ತಾರೆ: “ಈಗ್ಲೇ ಸರಿ ಮಾಡ್ಸು ಅಂದ್ಬಿಟ್ರು ಸಾರ್. ನಾಳೆ ಬೆಳಗಿನ್ ಜಾವ ಗಾಡಿ ಕಮ್ಮಿ ಇರೋವಾಗ ಮಾಡ್ಕೊಡ್ತೀವಿ ಅಂದೆ, ಕೇಳ್ಲಿಲ್ಲ.” ಆಫೀಸಿಗೆ ಹೋಗುವವರ ಭರಾಟೆಯ ಹೊತ್ತಿನಲ್ಲಿ ಜಟ್ಟೆಮ್ಮ ಬೆರಳಗಲದ ಗೀಟು ಎಳೆಯಲು ಕೂತರು, ಹುಸೇನಪ್ಪ ಬಾವುಟ ಹಿಡಿದರು. ವೇಗವಾಗಿ ಬಂದ ಕಾರು ಹುಸೇನಪ್ಪನವರ ಬಲಗಾಲಿಗೆ ಬಡಿದು, ನಿಲ್ಲದೆ ಹೋಯಿತು. ಒಂದು ಮಹಾಪ್ರಾಣ ಸರಿಪಡಿಸಲು ಹೋಗಿ ಒಂದು ಪ್ರಾಣವೇ ಹೋಗುವುದರಲ್ಲಿತ್ತು. ಕನ್ನಡದ ಕೊಲೆ ಎಂದು ಗೋಳಾಡಿದವರು ಯಾರೂ ಇದರ ಫೋಟೊ ಹಂಚಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಈಗ ಹುಸೇನಪ್ಪನವರ ಮೊಣಕಾಲಿನೊಳಗೆ ರಾಡ್ ಇದೆ. ಕಾಲು ಮಡಚುವುದಿಲ್ಲ, ಹಾಗಾಗಿ ಕೂತು ಬಣ್ಣ ಬಳಿಯಲಾಗದು. ನಿಂತು ಬಾವುಟವನ್ನೇ ಹಿಡಿಯಬೇಕು. ಆದರೆ ವಾಹನ ಮೈಮೇಲೆ ಬಂದರೆ ಜಿಗಿದು ತಪ್ಪಿಸಿಕೊಳ್ಳಬೇಕಾದವರೂ ಬಾವುಟ ಹಿಡಿದವರೇ. ಜಿಗಿಯಬಲ್ಲ ಜಟ್ಟೆಮ್ಮ ಕೂತಿದ್ದಾರೆ, ಜಿಗಿಯಲಾಗದ ಗಂಡ ಎದುರಿಗೆ ನಿಂತಿದ್ದಾರೆ. ಈ ಕೆಲಸವೇ ಬೇಡ ಎನ್ನೋಣವೆಂದರೆ ಬಾಡಿಗೆ ಕೇಳುವವರಿಗೆ ಅದನ್ನು ಹೇಳಲಾಗುವುದಿಲ್ಲ.

“ಬ್ಯಾರೆ ಏನೂ ಬ್ಯಾಡ್ರಿ,” ಎನ್ನುತ್ತಾರೆ ಜಟ್ಟೆಮ್ಮ. “ನಾವು ಕೆಲಸ ಮಾಡೂತನಕ ಇವರ ಮುಂದ ಒಂದು ಲಾರಿ ಅಡ್ಡ ನಿಂದರಸ್ರಿ. ಕೆಟ್ಟು ನಿಂತದ್ದಾದ್ರೂ ನಡೀತದ. ಬಡದ್ರ ಅದಕ್ಕ ಬಡೀಲಿ.”

ಕೆಂಪರಾಜ್ ತಲೆ ಕೆರೆದುಕೊಳ್ಳುತ್ತಾರೆ. “ಸುಮ್ನೆ ನಿಲ್ಸೋಕೆ ಗಾಡಿ ಯಾರ್ ಕೊಡ್ತಾರೆ ಸಾರ್? ನಾನೂ ಕೇಳಿ ಕೇಳಿ ಸುಸ್ತಾಗೋದೆ.” ಗುತ್ತಿಗೆದಾರರು ಕೊಟ್ಟಿರುವುದು ನಾಲ್ಕು ಪ್ಲಾಸ್ಟಿಕ್ ಕೋನು. ಅದರಲ್ಲೊಂದು ಆಗಲೇ ಯಾವುದೋ ಆಟೊ ಕೆಳಗೆ ಅಪ್ಪಚ್ಚಿಯಾಗಿದೆ.

ಬಿಸಿಲೇರುತ್ತಿದೆ, ವಾಹನಗಳು ಹೆಚ್ಚುತ್ತಿವೆ. ಜಟ್ಟೆಮ್ಮ ಕೊನೆಯ ‘ನ’ ತಗಡನ್ನು ಎತ್ತುತ್ತಿರುವಾಗಲೇ ಡೆಲಿವರಿ ಬೈಕೊಂದು ಬಾವುಟದತ್ತ ನುಗ್ಗಿ ಬರುತ್ತದೆ. “ಸರೀರಿ! ಲಗೂ ಸರೀರಿ!” ಎಂದು ಗಂಡನಿಗೆ ಬೇಗ ಸರಿಯುವಂತೆ ಕಿರುಚುತ್ತಾರೆ. ಬೈಕಿನವನು ಕೊನೇ ಗಳಿಗೆಯಲ್ಲಿ ಹ್ಯಾಂಡಲ್ ತಿರುಗಿಸಿ ಹೋಗುತ್ತಾನೆ. ಹುಸೇನಪ್ಪ ನಿಂತಲ್ಲೇ ಇದ್ದಾರೆ.

ಉಸಿರು ಹಿಂದಿರುಗಿದ ಮೇಲೆ ಅವರೇ ನನ್ನತ್ತ ತಿರುಗಿ ತಮಾಷೆ ಮಾಡುತ್ತಾರೆ: “ನೋಡಿದ್ರಿಲ್ಲೊ? ಊರ ಮಂದಿಗೆಲ್ಲ ನಿಧಾನ ಅಂತ ಬರೀತಾಳ. ನನಗ ಮಾತ್ರ ದಿನಾ ಲಗೂ ಲಗೂ ಅಂತ ಒದರ್ತಾಳ.”

ಜಟ್ಟೆಮ್ಮ ನಗುವುದಿಲ್ಲ. ಬಣ್ಣದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

“ಸರೀಲಾಕ ಬರ್ತಿದ್ರ ನಾ ಯಾಕ ಒದರ್ತಿದ್ದೆ?”