ಒಂಬತ್ತನೇ ಅಂಗಿ

ಇಳಿಜಾರಿನ ಕಲ್ಲುಬೀದಿಯಲ್ಲಿ ಮರದಟ್ಟೆಯ ಮೆಟ್ಟುಗಳ ಟಕಟಕ ಸದ್ದು. ಯಾರ್ಕ್‌ಶೈರಿನ ಕ್ರಾಗ್‌ಬಿ ಗಣಿಯಲ್ಲಿ ಬೆಳಗಿನ ಪಾಳಿ ಮುಗಿದಿತ್ತು. ಎಲ್ಲರೂ ಮನೆಯ ಕಡೆ ನಡೆದರೆ ಏಮಸ್ ಥ್ಯಾಕ್ರೆ ಮಾತ್ರ, ರೆಪ್ಪೆಯಂಚಿನ ಕಲ್ಲಿದ್ದಲ ಪುಡಿಯನ್ನೂ ತೊಳೆಯದೆ, ಮೈದಾನದ ಕಡೆ ತಿರುಗಿದ.

ಹದಿನಾಲ್ಕಕ್ಕೆ ಗಣಿಗಿಳಿದವನು, ಹತ್ತೊಂಬತ್ತಕ್ಕೆ ಊರಿನ ರಗ್ಬಿ ಲೀಗ್ ತಂಡ ಸೇರಿದವನು. ಎರಡೂ ತಂಡದವರು ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ನೂಕಾಡುವ ಸ್ಕ್ರಮ್ಮಿನ ನಟ್ಟನಡುವೆ ನೇತುಬಿದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಸೆಳೆಯುವುದು ಅವನ ಕೆಲಸ. ಒಂಬತ್ತನೇ ಅಂಗಿ. ಹದಿನೈದು ವರ್ಷದಲ್ಲಿ ಎರಡು ಸಲ ಮೂಗು ಮುರಿದಿತ್ತು, ಕಪ್ ಫೈನಲ್ ಮಾತ್ರ ಒಮ್ಮೆಯೂ ಸಿಕ್ಕಿರಲಿಲ್ಲ. ಇವತ್ತು ಸಿಗುವುದಿತ್ತು.

ಯುದ್ಧ ಬಂದು ಹುಡುಗರೆಲ್ಲ ಸೈನ್ಯಕ್ಕೆ ಹೋದ ಮೇಲೆ, ಬೇರೆ ಕ್ಲಬ್ಬಿನವರನ್ನು ಅತಿಥಿಗಳಾಗಿ ಆಡಿಸಲು ಲೀಗಿನವರು ಒಪ್ಪಿದ್ದರು. ಯಾವ ಸೈನಿಕನಿಗೆ ಯಾವ ಶನಿವಾರ ರಜೆಯೋ ಯಾರಿಗೆ ಗೊತ್ತು? ಹಾಗಾಗಿ ಗುರುವಾರ ಪಬ್ಬಿನ ಕಿಟಕಿಗೆ ಅಂಟಿಸುವ ಪಟ್ಟಿಯಲ್ಲಿ ಅಂಥವನ ಹೆಸರಿನ ಜಾಗದಲ್ಲಿ ‘ಇನ್ನೊಬ್ಬ’ ಎಂದು ಬರೆಯುವ ರೂಢಿ. ಈ ಗುರುವಾರ ಒಂಬತ್ತರ ಮುಂದೆ ಹಾಗೆ ಬರೆದಿತ್ತು.

“ಏನ್ ಭಾವ ಇದು?” ಎಂದು ಏಮಸ್ ತಂಡದ ನಾಯಕ ವಿಲ್ಫನನ್ನು ಕೇಳಿದ್ದ. ವಿಲ್ಫ್ ಅವನ ಅಕ್ಕನ ಗಂಡ. ಗಣಿಯಲ್ಲೂ ಇಬ್ಬರದು ಒಂದೇ ಸುರಂಗ.

“ಆ ಕಡೆಯವ್ರು ತಲೆ ಕೆರ್ಕೊಳ್ಳಲಿ ಅಂತ ಕಣೋ. ನಿನ್ನಂಥ ಎಮ್ಮೆ ಕತ್ತಿನವನು ನಮಗೆ ಇನ್ನೆಲ್ಲಿ ಸಿಗ್ತಾನೆ?”

ಏಮಸ್ ನಕ್ಕಿದ್ದ. ನಂಬಿದ್ದ.

ಈಗ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ತಳ್ಳಿದರೆ, ಒಂಬತ್ತನೇ ಅಂಗಿಯನ್ನು ಯಾರೋ ತೊಟ್ಟು ಕೂತಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆಯ ಸಾರ್ಜೆಂಟ್, ದೊಡ್ಡ ಕ್ಲಬ್ಬಿನವನು. ಉಳಿದವರೆಲ್ಲ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದರು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಎಲ್ಲರಿಗೂ ಗೊತ್ತಿತ್ತೆಂದು ಆ ಬೆನ್ನುಗಳೇ ಹೇಳಿದವು.

ವಿಲ್ಫ್ ಅವನ ತೋಳು ಹಿಡಿದು ಹೊರಗೆ ಕರೆತಂದ. “ಕಮಿಟಿಯವರ ತೀರ್ಮಾನ ಕಣೋ.”

“ಯಾವತ್ತು?”

“ಮಂಗಳವಾರ.”

“ಆಮೇಲೂ ದಿನಾ ನನ್ ಪಕ್ಕ ಕೂತು, ನನ್ ಡಬ್ಬಿಯಿಂದ್ಲೇ ಬ್ರೆಡ್ಡು ತಿಂದೆ.”

“ಹೇಳಿದ್ರೆ ನೀನು ಇವತ್ತು ಬರ್ತಿದ್ಯಾ? ಅವನಿಗೆ ರಜೆ ಸಿಗದೇ ಹೋಗಿದ್ರೆ ನಾವೇನ್ ಮಾಡ್ಬೇಕಿತ್ತು?” ವಿಲ್ಫ್ ನೆಲ ನೋಡಿದ. “ಇನ್ನೊಂದ್ ವಿಷ್ಯ. ಸೀದಾ ಕ್ಯಾಂಪಿಂದ ಬಂದಿದಾನೆ, ಆಟದ ಬೂಟಿಲ್ಲ. ಬೂಟಿಗೂ ರೇಷನ್ ಕೂಪನ್ ಕೇಳೋ ಕಾಲ, ಈಗ ಎಲ್ಲಿ ಹುಡುಕೋದು? ನಿನ್ ಬೂಟಿನ ಅಳತೆ ಎಂಟಲ್ವಾ? ಅವನ್ದೂ ಎಂಟೇ.”

ಏಮಸ್ ಹೆಗಲ ಚೀಲ ಕೆಳಗಿಳಿಸಿದ. ಚೀಲದಿಂದ ಬೂಟು ತೆಗೆದ. ಹಿಂದಿನ ಸಂಜೆಯಷ್ಟೇ ಕೊಬ್ಬು ತಿಕ್ಕಿ ಮೆದು ಮಾಡಿದ ತೊಗಲು. ಎರಡನ್ನೂ ವಿಲ್ಫನ ಕೈಗಿಟ್ಟ.

“ಎಡಗಾಲಿಂದು ಸ್ವಲ್ಪ ಬಿಗಿ, ವಿಲ್ಫ್. ಹೇಳು ಅವನಿಗೆ.”

ವಿಲ್ಫನಿಗೆ ಹೋದ ಜೀವ ಬಂದಂತಾಯಿತು. “ದೇವ್ರಂಥವನು ಕಣೋ ನೀನು. ಕೋಪ ಇಟ್ಕೋಬೇಡ. ನಾಳೆ ಊಟಕ್ಕೆ ಬಾ, ನಿಮ್ಮಕ್ಕ ಮೊಲದ ಪೈ ಮಾಡ್ತಾಳೆ. ಸೋಮವಾರ ಪಾಳಿಗೆ ಇಬ್ರೂ ಒಟ್ಟಿಗೇ—”

ಏಮಸ್ ಆಗಲೇ ಗೇಟು ದಾಟಿ, ಒಳಗೆ ನುಗ್ಗುತ್ತಿದ್ದ ಜನರ ನಡುವೆ ಎದುರುಮುಖವಾಗಿ ದಾರಿ ಬಿಡಿಸಿಕೊಂಡು ಹೋಗುತ್ತಿದ್ದ.