ಕೊಳಗದ ತಲೆಯ ಮೇಲಿನ ಹುರುಳಿ

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಎತ್ತು ಹುರುಳಿಯಿಲ್ಲದೆ ಸೊರಗಿತು. ಹುರುಳಿ ಸಿಗುತ್ತಿರಲಿಲ್ಲ ಎಂದಲ್ಲ. ಎಲ್ಲಿ ಕೊಳ್ಳುವುದು ಎಂದು ನಾನು ಯೋಚಿಸುತ್ತಿದ್ದೆ. ಆಗ ನನಗೆ ಮೂವತ್ತು, ಈಗ ಐವತ್ತರ ಹತ್ತಿರ; ಬುದ್ಧಿ ಮಾತ್ರ ಅದೇ. ಒಂದು ಕೊಡೆ ಕೊಳ್ಳಬೇಕಾದರೂ ಮೂರು ಅಂಗಡಿ ಸುತ್ತಿ, ಕೊನೆಗೆ ನೆನೆದುಕೊಂಡೇ ಮನೆಗೆ ಬರುತ್ತೇನೆ.

ನಮ್ಮದು ಹೊಸನಗರದ ಕಡೆಯ ಹಳ್ಳಿ. ಗೇಣಿಯ ಗದ್ದೆ, ಒಂದು ಜೊತೆ ಎತ್ತು. ಅದರಲ್ಲಿ ಒಂದು ಕಾಯಿಲೆ ಬಿದ್ದು ಎದ್ದಿತ್ತು. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಮೊದಲ ಮಳೆಗೆ ನೇಗಿಲು ಎಳೆಯಬೇಕಾದರೆ ದಿನವೂ ಬೇಯಿಸಿದ ಹುರುಳಿ ತಿನ್ನಿಸಲೇಬೇಕು. ಅದು ಬಯಲುಸೀಮೆಯಿಂದ ಸಂತೆಗೆ ಬರಬೇಕು.

ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸು ನಮ್ಮೂರಿನ ಮೇಲೆಯೇ ಹಾಯುತ್ತಿತ್ತು. ಅದರ ಕಂಡಕ್ಟರನೇ ನನ್ನ ವಾರಪತ್ರಿಕೆ.

"ಸಾಗರದಲ್ಲಿ ಹುರುಳಿ ಏರಿದೆ ಮಾರಾಯ್ರೆ. ಬಯಲುಸೀಮೆ ಕಡೆ ಕಣದಲ್ಲೇ ಮಳೆ ಬಂದು ಕಾಳೆಲ್ಲ ಮೊಳಕೆ ಒಡೆದಿದ್ಯಂತೆ" ಎಂದ ಒಂದು ವಾರ.

ಮುಂದಿನ ವಾರ, "ಇಳಿದಿದೆ. ಇಡೋಕೆ ಜಾಗ ಇಲ್ಲದಷ್ಟು ಬೆಳೆಯಂತೆ."

"ಹೋದ ವಾರ ಮೊಳಕೆ ಒಡೆದದ್ದು?"

"ನಂಗೆಂತ ಗೊತ್ತು? ನಾನು ಟಿಕೆಟ್ ಹರಿಯೋನು, ಹುರುಳಿ ಬೆಳೆಯೋನಲ್ಲ."

ನಾನು ಜಗಲಿಯ ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಸಂತೆಗಳ ದರ ಬರೆಯತೊಡಗಿದೆ. ಸಾಗರದ್ದು ಹೊಸದಾಗಿ ಬಂದ ಕಿಲೋ ಲೆಕ್ಕ. ಹೊಸನಗರ, ತೀರ್ಥಹಳ್ಳಿಯದು ಹಳೆಯ ಕೊಳಗದ ಅಳತೆ. ಕಿಲೋವನ್ನು ಕೊಳಗಕ್ಕೆ ಇಳಿಸಲು ಹೋದರೆ ಪ್ರತಿ ಸಲವೂ ಬೇರೆ ಉತ್ತರ.

"ಎತ್ತಿಗೆ ಈ ಗೋಡೆ ತಿನ್ನಿಸ್ತೀರಾ?" ಎಂದಳು ಹೆಂಡತಿ.

ಒಂದು ಮಾತ್ರ ಸ್ಪಷ್ಟವಾಗಿತ್ತು. ಕೊಳಗಕ್ಕೆ ತೀರ್ಥಹಳ್ಳಿಯ ದರವೇ ಕಡಿಮೆ. ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದೆ.

ಸಂತೆಯಲ್ಲಿ ವ್ಯಾಪಾರಿ ನನ್ನ ಮುಂದೆ ಯಾರಿಗೋ ಅಳೆಯುತ್ತಿದ್ದ. ಮೊದಲನೆಯದಕ್ಕೆ ಒಂದು ಎನ್ನದೆ, ಎಲ್ಲ ಕಡೆಯಂತೆ "ಲಾಭ" ಎಂದ, ಆಮೇಲೆ "ಎರಡು, ಮೂರು." ಆದರೆ ಪ್ರತಿ ಸಲವೂ ಕೊಳಗದ ಬಾಯಿಯನ್ನು ಒಂದು ಕೋಲಿನಿಂದ ಸವರಿ ಸಮ ಮಾಡುತ್ತಿದ್ದ. ನಮ್ಮ ಸಂತೆಯಲ್ಲಿ ಕಾಳು ಸುರಿದು ಚೆಲ್ಲುವವರೆಗೆ ಬಾಯಿಯ ಮೇಲೆ ಗೋಪುರದಂತೆ ತಲೆ ಕಟ್ಟಿ ಅಳೆಯುವುದು ವಾಡಿಕೆ.

"ತಲೆ ಹಾಕಲ್ವಾ?"

"ತಲೆ ಬೇಕಿದ್ರೆ ದರ ಬೇರೆ ಗೌಡ್ರೆ."

ಹಾಗಾದರೆ ಇದು ಅಗ್ಗವೋ ತುಟ್ಟಿಯೋ? ತಲೆಯ ಮೇಲಿನ ಕಾಳು ಎಷ್ಟಾಗುತ್ತದೆ? ಅಲ್ಲೇ ಎರಡು ಕೊಳಗ ಹುರುಳಿ ಕೊಂಡಿದ್ದರೆ ಮುಗಿಯುತ್ತಿತ್ತು. ನಾನು ಮನೆಯಲ್ಲಿ ಅಳೆದು ನೋಡಿ ಬರೋಣವೆಂದು ಖಾಲಿ ಚೀಲದೊಂದಿಗೆ ಹಿಂತಿರುಗಿದೆ.

ಮನೆಯಲ್ಲಿ ಅಳೆಯಲು ಹುರುಳಿ ಎಲ್ಲಿತ್ತು? ಭತ್ತ ಇತ್ತು. ಕೊಳಗಕ್ಕೆ ತಲೆ ಕಟ್ಟಿ, ಸವರಿ, ಕೆಳಗೆ ಬಿದ್ದದ್ದನ್ನು ಪಾವಿನಲ್ಲಿ ಅಳೆಯುತ್ತಿದ್ದೆ. ಪಕ್ಕದ ಮನೆಯ ಭಾವ ಬಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಉಳುಮೆಯಲ್ಲಿ ಹಣ್ಣಾದವರು.

"ಎಂತ ಮಾಡ್ತಿದ್ಯಾ?"

ಹೇಳಿದೆ.

"ಅಲ್ಲ ಮಾರಾಯ, ಭತ್ತ ಸುಂಕಿನ ಕಾಳು, ಮೈಯೆಲ್ಲ ಒರಟು, ಒಂದರ ಮೇಲೊಂದು ನಿಲ್ಲತ್ತೆ. ಹುರುಳಿ ನುಣ್ಣಗೆ, ಜಾರತ್ತೆ. ಎರಡರ ತಲೆ ಒಂದೇ ಆಗತ್ತಾ?"

ಒಂದು ದಿನದ ಲೆಕ್ಕ ಅಷ್ಟಕ್ಕೇ ಕುಸಿಯಿತು. ಇನ್ನು ಹುರುಳಿ ತಂದು ಅಳೆದು, ಯಾವ ಹುರುಳಿ ಕೊಳ್ಳುವುದೆಂದು ತೀರ್ಮಾನಿಸಬೇಕಿತ್ತು! ಹಾಗೆ ಯೋಚಿಸುತ್ತಿರುವಾಗಲೇ ಕೃತ್ತಿಕೆ ಮಳೆ ಬಿತ್ತು.

ನೊಗ ಹೂಡಿದೆ. ಮೂರನೆಯ ಸಾಲಿನಲ್ಲಿ ಎತ್ತು ಮುಂಗಾಲು ಮಡಚಿ ಕೂತೇ ಬಿಟ್ಟಿತು. ಬಾಲ ತಿರುಚಲು ನನಗೆ ಮನಸ್ಸಾಗಲಿಲ್ಲ. ಭಾವ ತಮ್ಮ ಗದ್ದೆಯಿಂದಲೇ ಕೂಗಿದರು, "ಬಿಡು ಅದನ್ನ! ನಂದೊಂದು ಎತ್ತು ಹೊಡ್ಕೊಂಡು ಬರ್ತೀನಿ. ಅದಕ್ಕೆ ಬದಲು ನಾಟಿಗೆ ನಾಲ್ಕು ದಿನ ನಮ್ಮನೆ ಮುಯ್ಯಾಳಾಗಿ ಬಾ."

ಅವರ ಎತ್ತು ನನ್ನದಕ್ಕಿಂತ ಗೇಣು ಎತ್ತರ. ನೊಗ ವಾಲಿ, ನೇಗಿಲು ತನಗೆ ಬೇಕಾದ ಕಡೆ ಹೋಯಿತು. ನಾನು ಅದರ ಹಿಂದೆ ಹೋದೆ. ಹೇಗೋ ಗದ್ದೆ ಉತ್ತು ಮುಗಿಯಿತು.

ಮುಂದಿನ ಸಂತೆಯಲ್ಲಿ, ನಮ್ಮ ಹೊಸನಗರದಲ್ಲೇ, ಚೀಲ ತುಂಬ ಹುರುಳಿ ತಂದೆ. ಹೆಂಡತಿ ಬೇಯಿಸಿ ಎತ್ತಿನ ಮುಂದಿನ ಬಾನಿಗೆ ಸುರಿದಳು. "ಕಡೆಗೂ ಅಗ್ಗಕ್ಕೆ ಸಿಕ್ತು, ಅಲ್ವಾ?" ಎಂದು ಕೇಳಿದಳು. ಅಗ್ಗವೋ ತುಟ್ಟಿಯೋ ನನಗೆ ಆಗಲೂ ಗೊತ್ತಿರಲಿಲ್ಲ. ಎತ್ತು ಬಾನಿಯೊಳಗೆ ಮೂತಿ ಇಟ್ಟದ್ದು ತಳ ಕಾಣುವವರೆಗೆ ಮೇಲೆತ್ತಲಿಲ್ಲ.