ದುರ್ಗಪ್ಪ ಟೈಲರನ ಎರಡು ತಿಂಗಳ ಹೆದರಿಕೆ

ಶಿರಾಲಿಯ ಹೆದ್ದಾರಿ ಬದಿಯಲ್ಲಿ ಹೊಲಿಗೆಯಂಗಡಿ ಇಟ್ಟಿರುವ ದುರ್ಗಪ್ಪನಿಗೆ ಬೇಡ ಎನ್ನಲು ಕಾರಣಗಳು ಯಾವತ್ತೂ ಕಡಿಮೆ ಬಿದ್ದದ್ದಿಲ್ಲ. ಹೀಗಿರುವಾಗ, ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ ಮಗಳು ಅಮಿತಾ, ಕಾಲೇಜು ಶುರುವಾಗುವವರೆಗೆ ಹೊನ್ನಾವರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತೇನೆ ಎಂದರೆ ಸುಮ್ಮನಿರುತ್ತಾನೆಯೇ? ಬಸ್ಸಿನ ಸೆಕೆಗೆ ತಲೆನೋವು ಬರುತ್ತದೆ ಎಂದ. ಕಂಪನಿಯ ಏಸಿಗೆ ನೆಗಡಿ ಹಿಡಿಯುತ್ತದೆ ಎಂದ. ಸೆಕೆ, ಥಂಡಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಹೆಂಡತಿ ಲಕ್ಕಿ ನಕ್ಕಳು. ಅದಕ್ಕೂ ಅವನಿಗೆ ಸಿಟ್ಟು ಬಂತು.

ನಿಜವಾದ ಕಾರಣ ಬೇರೆ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ಅವನೂ ಎಸ್ಸೆಸ್ಸೆಲ್ಸಿ ಬರೆದು, ರಜೆಯಲ್ಲಿ ಸುಮ್ಮನೆ ಯಾಕೆ ತಿರುಗುವುದು ಎಂದು ಎರಡೇ ತಿಂಗಳಿಗೆ ಭಟ್ಕಳದ ಒಂದು ಹೊಲಿಗೆಯಂಗಡಿ ಸೇರಿದ್ದ. ಪಾಸೂ ಆದ. ಆದರೆ ಕಾಲೇಜು ಶುರುವಾಗುವ ಹೊತ್ತಿಗೆ ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮುಗಳ ರಾಶಿ. ಹದಿನೈದು ದಿನ ತಡವಾದರೆ ಏನಾಯಿತು ಎಂದರು ಹೊಲಿಗೆ ಕಲಿಸುತ್ತಿದ್ದ ಮಾಸ್ತರರು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಕಸುಬಿನ ಬಗ್ಗೆ ಅವನಿಗೆ ಬೇಸರವೇನೂ ಇಲ್ಲ. ಅವನಷ್ಟು ಚೆಂದ ಕಾಲರ್ ಕೂರಿಸುವವರು ಶಿರಾಲಿಯಲ್ಲಿ ಇಲ್ಲ. ಆದರೂ ಕಾಲೇಜು ಹುಡುಗರು ಅಳತೆ ಕೊಡಲು ಬಂದರೆ ಅವರ ಪುಸ್ತಕ ತಿರುವಿ ನೋಡುವ ಚಾಳಿ ಬಿಟ್ಟಿಲ್ಲ. ಮಗಳಿಗೂ ಹಾಗೇ ಆಗಿಬಿಟ್ಟರೆ ಎಂಬುದೇ ಅವನ ಹೆದರಿಕೆ.

ಮನೆಯ ಹೆಂಗಸರಿಬ್ಬರೂ ಒಂದಾದ ಮೇಲೆ ಅವನ ಆಟ ನಡೆಯಲಿಲ್ಲ. ಮೊದಲ ದಿನ ತಾನೇ ಮಗಳ ಜೊತೆ ಹೊನ್ನಾವರಕ್ಕೆ ಹೋದ. ಕಸುಬು ಕಲಿಯಲು ಬರಿಗೈಯಲ್ಲಿ ಹೋಗಬಾರದೆಂದು ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಕಟ್ಟಿಕೊಂಡಿದ್ದ. ಕಂಪನಿಯ ಯಜಮಾನ ಶ್ರೀಧರನಿಗೆ ಮೂವತ್ತೂ ತುಂಬಿರಲಿಲ್ಲ. ತೆಂಗಿನಕಾಯಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೀಬೋರ್ಡ್ ಸರಿಸಿ ಅಲ್ಲೇ ಇಟ್ಟ. ಮೊದಲ ತಿಂಗಳು ಇವಳಿಗೆ ಮಷೀನು ಮುಟ್ಟಲು ಕೊಡಬೇಡಿ, ಬರೀ ಕಾಜಾ ಗುಂಡಿಯ ಕೆಲಸ ಕೊಡಿ, ನಾನು ಕಲಿತದ್ದೇ ಹಾಗೆ ಎಂದು ದುರ್ಗಪ್ಪ ತಿಳಿಹೇಳಿದ. ಶ್ರೀಧರ ನಗಲಿಲ್ಲ. ಇಲ್ಲಿ ಕಾಜಾ ಗುಂಡಿ ಇಲ್ಲ, ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವ ಕೆಲಸವಿದೆ ಎಂದ. ಆ ಅಭ್ಯಾಸ ಅವಳಿಗೆ ಮನೆಯಲ್ಲೇ ಚೆನ್ನಾಗಿ ಆಗಿದೆ ಎಂದು ದುರ್ಗಪ್ಪ ಒಪ್ಪಿದ.

ಅವರದು ದವಾಖಾನೆಗಳಲ್ಲಿ ರೋಗಿಗಳಿಗೆ ಟೋಕನ್ ಕೊಡುವ ಸಾಫ್ಟ್‌ವೇರ್. ವಯಸ್ಸಿನ ಜಾಗದಲ್ಲಿ ಸೊನ್ನೆ ಹಾಕಿದರೆ ಅದು ಒಪ್ಪುವುದಿಲ್ಲ, ಹಾಗಾಗಿ ಎಳೆ ಕೂಸಿಗೆ ಟೋಕನ್ನೇ ಸಿಗುವುದಿಲ್ಲ ಎಂದು ಹತ್ತನೆಯ ದಿನ ಅಮಿತಾ ಕಂಡುಹಿಡಿದಳು. ಅಲ್ಲಿದ್ದ ನಾಲ್ಕು ಇಂಜಿನಿಯರುಗಳಿಗೆ ಅದು ಹೊಳೆದಿರಲಿಲ್ಲ. ದುರ್ಗಪ್ಪ ಈ ಸುದ್ದಿಯನ್ನು ಅಳತೆ ತೆಗೆಯುತ್ತ ತೆಗೆಯುತ್ತ ಗಿರಾಕಿಗಳಿಗೆಲ್ಲ ಹೇಳಿದ. ಆ ವಾರ ಎರಡು ಅಂಗಿಗಳ ತೋಳು ಗಿಡ್ಡವಾದವು.

ಮೇ ಕೊನೆಯಲ್ಲಿ ಒಂದು ಸಂಜೆ ಅಮಿತಾ ಮನೆಗೆ ಬಂದು, ಕೆಲಸ ಅರ್ಧಕ್ಕೆ ನಿಂತಿದೆ, ಇನ್ನೂ ಸ್ವಲ್ಪ ದಿನ ಇರುತ್ತೀಯಾ ಎಂದು ಶ್ರೀಧರ ಸರ್ ಕೇಳಿದ್ದಾರೆ ಎಂದಳು. ಕಾಲೇಜಿಗೆ ಎರಡು ವಾರ ತಡವಾದರೆ ಏನೂ ಆಗುವುದಿಲ್ಲವಂತೆ. ನಾಳೆ ಉತ್ತರ ಹೇಳಬೇಕು. ಎಲ್ಲದಕ್ಕೂ ಕಾರಣ ಇಟ್ಟುಕೊಂಡಿರುವ ದುರ್ಗಪ್ಪ ಅವತ್ತು ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಮರುದಿನ, ಯೂನಿಫಾರ್ಮಿನ ಭರಾಟೆಯ ನಡುವೆ, ಅಂಗಡಿಯ ಶಟರ್ ಎಳೆದು ಹೊನ್ನಾವರದ ಬಸ್ಸು ಹತ್ತಿದ. ಶ್ರೀಧರನಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಬಸ್ಸಿಳಿದರೆ ಅಮಿತಾ ನಿಲ್ದಾಣದ ಬೆಂಚಿನ ಮೇಲೆಯೇ ಕೂತಿದ್ದಾಳೆ. ಬೆಳಿಗ್ಗೆಯೇ ಆಗುವುದಿಲ್ಲ ಎಂದು ಹೇಳಿದ್ದಳು, ಕೆಲಸವನ್ನೆಲ್ಲ ಒಪ್ಪಿಸಿದ್ದಳು, ಸೋಮವಾರ ಕಾಲೇಜು. ದುರ್ಗಪ್ಪನ ಬಾಯಿಪಾಠ ದಂಡವಾಯಿತು. ನೂಲು ಒಯ್ಯಲು ಬಂದೆ ಎಂದ. ಶಿರಾಲಿಯಲ್ಲಿ ನೂಲು ಇಲ್ಲವೇ ಎಂದಳು. ಬಣ್ಣ ಹೊಂದುವುದಿಲ್ಲ ಎಂದ. ಎರಡು ತಿಂಗಳು ತಪ್ಪು ಹುಡುಕಿದವಳ ಎದುರು ಇದು ಎಷ್ಟು ಹೊತ್ತು ನಿಲ್ಲುತ್ತದೆ?

"ಸಮಾ ಹೇಳು ಅಪ್ಪ. ಅಂಗಡಿ ಬಾಗ್ಲ್ ಹಾಕಿ ಎಂತಕೆ ಬಂದದ್ದು?"

ದುರ್ಗಪ್ಪ ಅವಳ ಪಕ್ಕದಲ್ಲಿ ಕೂತು, ಭಟ್ಕಳದ ಅಂಗಡಿ, ಮಾಸ್ತರರು, ಹದಿನೈದು ದಿನ, ಎಲ್ಲವನ್ನೂ ಮೊದಲ ಬಾರಿಗೆ ಹೇಳಿದ. ಹೇಳುತ್ತಿರುವಾಗ ಶಿರಾಲಿ ಕಡೆಯ ಬಸ್ಸೊಂದು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

"ಆವತ್ತು ನನ್ನ ಕರ್ಕಂಡ್ ಹೋಗುಕೆ ಯಾರೂ ಬರ್ಲಿಲ್ಲ ಮಗಾ," ಎಂದ ದುರ್ಗಪ್ಪ. "ಅದ್ಕೆ ಬಂದೆ."